ರೇಡಿಯೇಟರ್ ಕುಡಿದ ತೀರ್ಥ

ಬಿಡದಿಯ ಬಳಿ ಶಶಿಕುಮಾರ್ ಕಣ್ಣು ಬಿಡುವಷ್ಟರಲ್ಲಿ, ಅವನು ತಲಕಾವೇರಿಯಿಂದ ತರುತ್ತಿದ್ದ ತೀರ್ಥವನ್ನೆಲ್ಲ ಬಸ್ಸಿನ ರೇಡಿಯೇಟರ್ ಕುಡಿದು ಮುಗಿಸಿತ್ತು.

"ಥ್ಯಾಂಕ್ಸ್ ಸಾರ್," ಡ್ರೈವರ್ ಖಾಲಿ ಕ್ಯಾನನ್ನು ಅವನ ತೊಡೆಯ ಮೇಲಿಟ್ಟ. "ಗಾಡಿ ಕುಕ್ಕರ್ ಥರ ಕೂಗ್ತಿತ್ತು. ನೀವು ಅದಕ್ಕಿಂತ ಜೋರಾಗಿ ಗೊರಕೆ ಹೊಡೀತಿದ್ರಿ, ಎಬ್ಬಿಸ್ಲಿಲ್ಲ. ಈ ಕ್ಯಾನ್ ಇಲ್ದಿದ್ರೆ ಬಿಡದೀಲೇ ಬಿಡಾರ!"

ಬಸ್ಸಿಗೆ ಮೋಕ್ಷ ಸಿಕ್ಕಿತು. ಶಶಿಗೆ ಬೆವರು ಕಿತ್ತುಕೊಂಡಿತು. ಚಾಮರಾಜಪೇಟೆಯ ಅವನ ವಠಾರದಲ್ಲಿ ಕಾವೇರಿ ನೀರು ಸಂಪಿನವರೆಗೆ ಧಾರಾಳವಾಗಿ ಬರುತ್ತಿತ್ತು. ಅಲ್ಲಿಂದ ಮನೆಗಳ ನಲ್ಲಿಗೆ ಬರಬೇಕಾದರೆ ಮಾಲೀಕರಾದ ಮುನಿಯಮ್ಮ ಮೋಟರ್ ಹಾಕಿ ವಾಲ್ವ್ ತಿರುಗಿಸಬೇಕು. ತಿರುಗಿಸುವುದು ದಿನಕ್ಕೆ ಅರ್ಧ ಗಂಟೆ.

"ಸಂಕ್ರಮಣದ ತೀರ್ಥ ತಂದ್ಕೊಡಪ್ಪಾ, ನಿಮ್ಮನೆ ನಲ್ಲಿ ದಿನವಿಡೀ ಬಿಡ್ತೀನಿ. ತರ್ಲಿಲ್ವೋ, ಅರ್ಧ ಗಂಟೆ ಕಾಲು ಗಂಟೆ ಆಗುತ್ತೆ" ಎಂದೇ ಆಕೆ ಅವನನ್ನು ಕಳಿಸಿದ್ದರು.

ಹಿಂಬಾಗಿಲಿನಿಂದ ನುಸುಳಿ ಬಂದ ಗಂಡನ ಕತೆ ಕೇಳಿ ಯಮುನಾ ಹಣೆ ಚಚ್ಚಿಕೊಂಡಳು. ಶಶಿಯ ಕಣ್ಣು ಅಡುಗೆಮನೆಯ ಡ್ರಮ್ಮಿನ ಮೇಲೆ ಬಿತ್ತು.

"ಯಮೂ, ಇದ್ಯಾವ ನೀರು?"

"ನಲ್ಲೀದು. ಕಾವೇರಿ."

"ಕಾವೇರಿ ಎಲ್ಲಿಂದ ಬರ್ತಾಳೆ?"

"ತಲಕಾ... ರೀ! ತಲೆ ಕೆಟ್ಟಿದ್ಯಾ?"

"ಸುಳ್ಳೇನಿದೆ? ನಾನು ಬಸ್ಸಲ್ಲಿ ಬಂದೆ, ಅವಳು ಪೈಪಲ್ಲಿ ಬಂದ್ಳು."

ಅವನು ಡ್ರಮ್ಮಿನ ನೀರನ್ನು ಕ್ಯಾನಿಗೆ ತುಂಬಿಸುವಷ್ಟರಲ್ಲಿ ಬಾಗಿಲಲ್ಲಿ ಮುನಿಯಮ್ಮ. ಬೆನ್ನಿಗೆ ಚೊಂಬು ಹಿಡಿದ ಅರ್ಧ ಬೀದಿ. ಆಕೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಶಶಿಯ ಎದೆ ಅಕ್ಕಿ ಹಾಕದ ಗ್ರೈಂಡರಿನಂತೆ ಗಡಗಡಿಸಿತು.

"ಆಹಾ! ಇದಪ್ಪಾ ನೀರು ಅಂದ್ರೆ! ನಮ್ಮ ನಲ್ಲೀಲೂ ಬರುತ್ತೆ, ಥೂ, ಬ್ಲೀಚಿಂಗ್ ಪೌಡರ್ ಕಷಾಯ!"

ಪಕ್ಕದ ಮನೆಯ ಆಂಜಿನಯ್ಯ ತೀರ್ಥವನ್ನು ಮಂಡಿಗೆ ಸವರಿಕೊಂಡು, "ನೋವು ಮಾಯ ಗುರೂ!" ಎಂದು ಬಸ್ಕಿಗೆ ಇಳಿದರು. ಮೂರನೆಯದಕ್ಕೆ ಕೂತವರನ್ನು ಇಬ್ಬರು ಹಿಡಿದೆತ್ತಬೇಕಾಯಿತು. ಕ್ಯಾನ್ ಬರಿದಾದಾಗಲೆಲ್ಲ ಶಶಿ "ಒಳಗಡೆ ಇನ್ನೊಂದಿದೆ" ಎನ್ನುತ್ತಾ ಓಡುತ್ತಿದ್ದ. ಬೀದಿಯ ಚೊಂಬುಗಳು ತುಂಬಿದವು, ಡ್ರಮ್ಮಿನ ತಳ ಕಂಡಿತು. ಕೊನೆಯ ಕ್ಯಾನನ್ನು ಮುನಿಯಮ್ಮ ಮಗುವಿನಂತೆ ಎತ್ತಿಕೊಂಡರು.

"ಮಾತು ಅಂದ್ರೆ ಮಾತು. ವಾಲ್ವ್ ತೆಗ್ದಿದೀನಿ. ದಣಿದಿದೀಯ, ಹೋಗಿ ಸ್ನಾನ ಮಾಡು."

ಅಬ್ಬಾ! ಗೆದ್ದೆ! ವರ್ಷಗಳಿಂದ ಬರೀ ಜೇಡಕ್ಕೆ ಜಾಗ ಕೊಟ್ಟಿದ್ದ ಶವರಿನಲ್ಲಿ ನೀರು ಧೋ ಎಂದು ಸುರಿಯಿತು. ಶಶಿ ಹಾಡಿದ, ಕುಣಿದ, ಅಡಿಯಿಂದ ಮುಡಿಯವರೆಗೆ ಸೋಪು ಬಳಿದುಕೊಂಡ. ನೊರೆ ಕಣ್ಣಿಗಿಳಿಯುವ ಹೊತ್ತಿಗೆ ಸರಿಯಾಗಿ ಶವರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಮುನಿಯಮ್ಮಾ! ನೀರು ನಿಂತೋಯ್ತು!"

"ನಾನೇ ನಿಲ್ಸಿದ್ದು ಕಣೋ!" ಅಂಗಳದಲ್ಲಿ ಬೀಗ ಬಿದ್ದ ಸದ್ದು. "ಮಿಕ್ಕ ತೀರ್ಥಾನ ಸಂಪೊಳಗೆ ಸುರಿದ್ಬಿಟ್ಟೆ. ಈಗ ಇಡೀ ಸಂಪೇ ತಲಕಾವೇರಿ! ಅದ್ರಲ್ಲಿ ಸೋಪ್ ಹಚ್ಕೊಂಡು ಮಿಂದ್ರೆ ಪಾಪ ಬರುತ್ತೆ. ಇನ್ಮೇಲೆ ಸ್ನಾನ, ಬಟ್ಟೆ ಎಲ್ಲಾದಕ್ಕೂ ಬೀದಿ ಕೊನೇ ಬೋರ್‌ವೆಲ್‌ಗೆ ಬಿಂದಿಗೆ ತಗೊಂಡ್ಹೋಗಿ!"

ಶಶಿ ನಿಜ ಹೇಳಲೆಂದು ಬಾಯಿ ತೆರೆದ. ಸೋಪು ಒಳಗೆ ಹೋಯಿತು.

"ಯಮೂ... ಡ್ರಮ್ಮಲ್ಲಿ ಏನಾದ್ರೂ ಉಳಿದಿದ್ಯಾ?"

"ಒಂದು ಚಮಚ ಇದೆ ರೀ," ಯಮುನಾ ಬಾಗಿಲ ಸಂದಿಯಲ್ಲಿ ಹೇಳಿದಳು. "ಬಲಗೈ ಚಾಚಿ, ತೀರ್ಥ ಕೊಡ್ತೀನಿ."