ಗೊಬ್ಬರದಲ್ಲಿ ಗೊಬ್ಬರವೆಷ್ಟು?

ತೊಂಬತ್ತರ ದಶಕದಲ್ಲಿ ನಾನು ಕೃಷಿ ಸಹಾಯಕನಾಗಿದ್ದೆ. ಒಂದು ಚೀಲ ಗೊಬ್ಬರದಲ್ಲಿ ಗಿಡಕ್ಕೆ ದಕ್ಕುವ ಧಾತು ಎಷ್ಟು ಕೆಜಿ ಅಂತ ರೈತರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಆ ಲೆಕ್ಕ ಹೇಳಲು ಹೋಗಿ ಮರ್ಯಾದೆಯಿಂದ ವಾಪಸ್ ಬಂದ ದಿನಗಳು ಕಮ್ಮಿ.

೧. ದೊಡ್ಡ ಸಾಹೇಬರ ಪಾಠ

ನಂಜನಗೂಡಿನಲ್ಲಿ ರೈತರ ತರಬೇತಿ. ಮೈಸೂರಿಂದ ಬಂದ ದೊಡ್ಡ ಸಾಹೇಬರು ಬೋರ್ಡಿನ ತುಂಬ ಯೂರಿಯಾದ ಸೂತ್ರ ಬರೆದರು. ಅಣುಭಾರ ಅರವತ್ತು, ಅದರಲ್ಲಿ ಸಾರಜನಕ ಇಪ್ಪತ್ತೆಂಟು, ಭಾಗಿಸಿ, ಗುಣಿಸಿ, ಬೆವರೊರೆಸಿಕೊಂಡು, "ಶೇಕಡಾ ನಲವತ್ತಾರು!" ಎಂದು ಸಾರಿದರು.

ಮುಂದೆ ಕೂತಿದ್ದ ದೇವನೂರಿನ ರೈತ ತಾನು ಹಾಸಿಕೊಂಡು ಕೂತಿದ್ದ ಖಾಲಿ ಯೂರಿಯಾ ಚೀಲ ಎತ್ತಿ ತೋರಿಸಿದ. "ಇಲ್ಲೇ ಅಚ್ಚಾಕವ್ರಲ್ಲ ಸಾ, ನಲವತ್ತಾರು ಅಂತ."

ಸಾಹೇಬರು ಚೀಲ ನೋಡಿದರು. "ಕಂಪನಿಯವರೂ ಲೆಕ್ಕ ಸರಿಯಾಗೇ ಮಾಡಿದ್ದಾರೆ," ಎಂದು ಸರ್ಟಿಫಿಕೇಟ್ ಕೊಟ್ಟು ಊಟಕ್ಕೆ ಎದ್ದರು.

೨. ಬಿಗಿಯಾಗಿ ಕಟ್ಟು

ಬಿಳಿಗೆರೆಯ ಯಜಮಾನರೊಬ್ಬರಿಗೆ, "ಐವತ್ತು ಕೆಜಿ ಯೂರಿಯಾದಲ್ಲಿ ಸಾರಜನಕ ಇಪ್ಪತ್ತಮೂರೇ ಕೆಜಿ," ಅಂದೆ.

"ಮಿಕ್ಕಿದ್ದೆಲ್ಲ ಏನ್ ಸಾ?"

"ಇಂಗಾಲ, ಜಲಜನಕ, ಆಮ್ಲಜನಕ."

"ಆಮ್ಲಜನಕ ಅಂದ್ರೆ ನಾವು ಉಸ್ರಾಡೋದಲ್ವಾ?"

"ಅದೇ. ಹದಿಮೂರು ಕೆಜಿ ಇರುತ್ತೆ."

ಯಜಮಾನರು ಗಾಬರಿಯಿಂದ ತಮ್ಮನ ಕಡೆ ತಿರುಗಿದರು. "ಲೇ, ಚೀಲದ ಬಾಯಿ ಬಿಗ್ಯಾಗಿ ಕಟ್ಲಾ! ಕಾಸ್ ಕೊಟ್ಟು ತಂದಿರೋ ಗಾಳಿ, ವೊಂಟೋದಾದು!"

೩. ಹಾಲಿಗೊಂದು ನ್ಯಾಯ

ಬನ್ನೂರಿನ ಹತ್ತಿರ ಒಬ್ಬ ರೈತನ ಭತ್ತಕ್ಕೆ ಸತುವಿನ ಕೊರತೆ. ಜಿಂಕ್ ಸಲ್ಫೇಟ್ ಹಾಕು ಅಂದೆ.

"ಹತ್ ಕೆಜಿಲಿ ಸತು ಎಷ್ಟಿರ್ತದೆ ಸಾ?"

"ಎರಡು ಕೆಜಿ ಚಿಲ್ಲರೆ. ನಾಲ್ಕು ಕೆಜಿಗೂ ಮೇಲೆ ನೀರೇ ಇರುತ್ತೆ."

"ನೀರಾ? ಒಣಗಿದಂಗೆ ಕಾಣ್ತದಲ್ಲ?"

"ಹರಳಿನ ಒಳಗೇ ಸೇರಿಕೊಂಡಿರುತ್ತೆ. ಮೋಸ ಅಲ್ಲಪ್ಪ, ಅದು ವಿಜ್ಞಾನ."

ಅವನ ಮುಖ ಅರಳಿತು. "ಬನ್ನಿ ಸಾ," ಎಂದು ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟ. ಪಾಪ, ಗೊಬ್ಬರದಂಗಡಿಗೆ ಅಂತ ನಾನು ನಂಬಿದ್ದೆ. ಗಾಡಿ ನಿಂತದ್ದು ಹಾಲಿನ ಡೈರಿ ಮುಂದೆ. ನೀರು ಬೆರೆಸಿದ್ದಾನೆ ಅಂತ ಡೈರಿ ಸೆಕ್ರೆಟರಿ ಅವತ್ತು ಬೆಳಿಗ್ಗೆ ಅವನ ಹಾಲನ್ನು ವಾಪಸ್ ಕಳಿಸಿದ್ದರಂತೆ. ಒಂದು ತೊಟ್ಟೂ ಹಾಕಿಲ್ಲ ಅಂತ ಇವನು ಹಸುವಿನ ಮೇಲೆ ಆಣೆ ಇಟ್ಟು ಹೋಗಿದ್ದನಂತೆ. ಜನ ಸೇರಿದರು.

"ಈಗ ಯೋಳಿ ಸಾ, ಆಗ್ಲೇ ಯೋಳಿದ್ದುನ್ನೇ," ಅಂದ.

ಸರ್ಕಾರಿ ನೌಕರ ನಾನು, ಜ್ಞಾನ ಹಂಚುವ ಚಟ. ಎಲ್ಲ ಹೇಳಿದೆ.

ಅವನು ಸೆಕ್ರೆಟರಿ ಕಡೆ ಎದೆ ಸೆಟೆದು ತಿರುಗಿದ.

"ಕೇಳುಸ್ಕಂಡ್ರಾ? ಹತ್ ಕೆಜಿಗೆ ನಾಲ್ಕ್ ಕೆಜಿ ನೀರಿದ್ರೆ ಅದು ವಿಜ್ಞಾನ. ನಾನು ಎಲ್ಲೋ ಒಂದ್ ಚೊಂಬು ಉಯ್ದುದ್ದು ಮಾತ್ರ ಮೋಸ್ವಾ?"