ವೆಂಕಟರವಣಪ್ಪನಿಗೆ ಸಿಕ್ಕಿದ ಹಸು

ಹಸು ಕಂಡರೆ ಮಾತಾಡಿಸದೆ ಮುಂದೆ ಹೋಗುವುದು ವೆಂಕಟರವಣಪ್ಪನಿಂದ ಆಗುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹೆಚ್ಚೆಂದರೆ ರೇಷ್ಮೆ ಇಲಾಖೆಯ ಆಫೀಸಿಗೆ ಅವನು ಹತ್ತು ನಿಮಿಷ ತಡವಾಗಿ ಬರುತ್ತಿದ್ದ. ಆದರೆ ಅದೇ ಅಭ್ಯಾಸ ಟಾಂಜಾನಿಯಾದ ಒಂದು ಹಟ್ಟಿಯಲ್ಲಿ ಅವನನ್ನು ಎಂಥ ಪೇಚಿಗೆ ಸಿಕ್ಕಿಸಿತೆಂದರೆ, ಸಂಜೆ ನಾಲ್ಕರ ಹೊತ್ತಿಗೆ ಇಲಾಖೆಯ ಮಾನ, ಸರ್ಕಾರದ ನಿಯಮ, ಎರಡು ದೇಶಗಳ ಸ್ನೇಹ ಮೂರೂ ಒಂದು ಹಸುವಿನ ಬಾಲಕ್ಕೆ ಗಂಟುಬಿದ್ದಿದ್ದವು.

ಅದು ೧೯೯೬ರ ಜುಲೈ. ಹಿಪ್ಪುನೇರಳೆ ಬೆಳೆದು ಹುಳು ಸಾಕುವುದನ್ನು ಅಲ್ಲಿನ ರೈತರಿಗೆ ಹೇಳಿಕೊಡಲೆಂದು ಶಿಡ್ಲಘಟ್ಟದಿಂದ ಮೂವರನ್ನು ಒಂದು ತಿಂಗಳ ಮಟ್ಟಿಗೆ ಆರುಷಾ ಎಂಬ ಪಟ್ಟಣಕ್ಕೆ ಕಳಿಸಿದ್ದರು. ತಂಡದ ಮುಖ್ಯಸ್ಥರು ಅಧಿಕಾರಿ ನರಸಪ್ಪನವರು. ಸರ್ಕಾರಿ ನಿಯಮಾವಳಿಯ ಪುಸ್ತಕವನ್ನು ವಿಮಾನದಲ್ಲೂ ತೊಡೆಯ ಮೇಲಿಟ್ಟುಕೊಂಡು ಬಂದವರು. ಎರಡನೆಯವರು ಗೌರಿಬಿದನೂರಿನ ಅನಸೂಯಮ್ಮ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಯಾರು ಏನು ಮಾಡಿದರೂ ಅದನ್ನು ಇನ್ನೂ ಚೆನ್ನಾಗಿ ಹೇಗೆ ಮಾಡಬಹುದಿತ್ತು ಎಂಬುದೂ ಗೊತ್ತಿತ್ತು. ಮೂರನೆಯವನೇ ವೆಂಕಟರವಣಪ್ಪ. ಹುಳು ಸಾಕುವುದರಲ್ಲಿ ಇಡೀ ತಾಲ್ಲೂಕಿಗೆ ಹೆಸರಾದ ಅವನಿಗೆ ಕನ್ನಡ, ತೆಲುಗು ಬಿಟ್ಟರೆ ಮೂರನೇ ಭಾಷೆ ಬರುತ್ತಿರಲಿಲ್ಲ.

ಭಾನುವಾರ ಪಾಠವಿರಲಿಲ್ಲ. ಎರಡು ಗಂಟೆ ದಾರಿಯಲ್ಲಿ ಮಸಾಯಿ ಜನರ ಒಂದು ಹಟ್ಟಿಯಿದೆ, ಅಲ್ಲಿಯ ಹೆಂಗಸರು ಸಂಘ ಮಾಡಿಕೊಂಡು ಬಂದವರಿಗೆ ತಮ್ಮ ಮನೆ, ದನ, ಊಟ, ಮಣಿಯ ಕೆಲಸ ಎಲ್ಲ ತೋರಿಸುತ್ತಾರೆ, ನೋಡಿ ಬನ್ನಿ ಎಂದು ಆತಿಥೇಯರು ಜೀಪು ಕೊಟ್ಟರು. ಡ್ರೈವರ್ ಇಮ್ಯಾನುಯೆಲ್ ಆ ಜನದವನೇ. ಇಂಗ್ಲಿಷ್ ಬಲ್ಲವನಾದ್ದರಿಂದ ದುಭಾಷಿಯ ಕೆಲಸವೂ ಅವನದೇ.

ಪಟ್ಟಣ ದಾಟುತ್ತಲೇ ಬಂಡೆ, ಜಾಲಿಮರ, ಕೆಮ್ಮಣ್ಣಿನ ಧೂಳು. ಚಿಂತಾಮಣಿ ರಸ್ತೆಗೆ ಬಂದಂತೆಯೇ ಇದೆಯಲ್ಲ ಎಂದು ವೆಂಕಟರವಣಪ್ಪನ ಮನಸ್ಸು ಹಗುರಾಯಿತು. ಅಷ್ಟರಲ್ಲಿ ಜಾಲಿಮರದ ಹಿಂದಿನಿಂದ ಒಂದು ಜಿರಾಫೆ ತಲೆಯೆತ್ತಿ, ಜಿಲ್ಲಾಧಿಕಾರಿ ಅರ್ಜಿ ನೋಡುವ ಹಾಗೆ ಜೀಪನ್ನು ಒಮ್ಮೆ ನೋಡಿ, ಮತ್ತೆ ಎಲೆ ಮೇಯತೊಡಗಿತು.

ಹಟ್ಟಿಯೆಂದರೆ ದೊಡ್ಡ ಮುಳ್ಳುಬೇಲಿಯ ವೃತ್ತ; ಅದರ ಅಂಚಿಗೆ ಕವುಚಿಟ್ಟ ಬುಟ್ಟಿಗಳಂಥ ಮನೆಗಳು, ನಡುವೆ ದನದ ದೊಡ್ಡಿ. ಹಿರಿಯ ಸಂಕಾಲೆ ಬಾಗಿಲಲ್ಲೇ ನಿಂತಿದ್ದ. ಎಪ್ಪತ್ತು ದಾಟಿದ ಮನುಷ್ಯ, ನೀಲಗಿರಿ ಮರದ ಹಾಗೆ ನೆಟ್ಟಗೆ, ಮೈಮೇಲೆ ಕೆಂಪು ಹೊದಿಕೆ. ಅವನ ಹೆಂಡತಿ ನಾಸೇರಿಯನ್ ಹೆಂಗಸರ ಸಂಘದ ಅಧ್ಯಕ್ಷೆ. ಆಕೆ ಎಲ್ಲರನ್ನೂ ತನ್ನ ಮನೆಯೊಳಕ್ಕೆ ಕರೆದೊಯ್ದಳು. ಕಡ್ಡಿ ಹೆಣೆದು ಸಗಣಿ ಮೆತ್ತಿದ ಗೋಡೆ. ಹೊರಗೆ ಬಿಸಿಲು ಕಾದಿದ್ದರೂ ಒಳಗೆ ತಂಪು. ಇದನ್ನು ಕಟ್ಟಿದ ಮೇಸ್ತ್ರಿ ಯಾರೆಂದು ನರಸಪ್ಪನವರು ಕೇಳಿಸಿದರು. ಆಕೆ ತನ್ನ ಎರಡು ಕೈ ತೋರಿಸಿದಳು. ಇಲ್ಲಿ ಮನೆ ಕಟ್ಟುವವರು ಹೆಂಗಸರೇ ಎಂದು ಇಮ್ಯಾನುಯೆಲ್ ವಿವರಿಸಿದ. ಚಿಕ್ಕಬಳ್ಳಾಪುರದಲ್ಲಿ ಆರು ವರ್ಷದಿಂದ ಮನೆ ಕಟ್ಟಿಸುತ್ತಲೇ ಇದ್ದ ನರಸಪ್ಪನವರು ಆ ಗೋಡೆಯನ್ನು ಬಹಳ ಹೊತ್ತು ಸವರುತ್ತ ನಿಂತರು.

ಹೊರಗೆ ಬಂದಾಗ ದೊಡ್ಡಿಯ ಮುಳ್ಳುಬಾಗಿಲು ತೆಗೆದಿದ್ದರು. ವೆಂಕಟರವಣಪ್ಪ ನಿಂತಲ್ಲೇ ನಿಂತುಬಿಟ್ಟ. ಅಷ್ಟು ದನಗಳನ್ನು ಒಟ್ಟಿಗೆ ಅವನು ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಿಗೆ, ಅವು ಅವನಿಗೆ ಗೊತ್ತಿದ್ದ ದನಗಳೇ. ಹೆಗಲ ಮೇಲೆ ಅದೇ ಹಿಣಿಲು, ಕೊರಳಡಿ ಅದೇ ಜೋಲುವ ಗಂಗೆದೊಗಲು, ಅದೇ ಕಣ್ಣು. ಸಮುದ್ರ ದಾಟಿ, ಊಟ ಬದಲಾಗಿ, ಆಕಾಶದ ನಕ್ಷತ್ರಗಳೂ ಬದಲಾಗಿದ್ದ ಊರಿನಲ್ಲಿ ನೆಂಟರು ಸಿಕ್ಕ ಹಾಗಾಯಿತು. ಕೆಂದುಬಣ್ಣದ ಒಂದು ಹಸು ಮುಂದೆ ನಿಂತು ಅವನನ್ನೇ ನೋಡುತ್ತಿತ್ತು. ಅವನು ಕೈ ಚಾಚಿ, ತನ್ನ ಅವ್ವ ಕರೆಯುತ್ತಿದ್ದ ಹಾಗೆ ತೆಲುಗಿನಲ್ಲಿ ಮೆಲ್ಲಗೆ, “ದಾಮ್ಮ, ದಾ” ಎಂದ.

ಹಸು ನಡೆದು ಬಂದು ಅವನ ಅಂಗೈ ನೆಕ್ಕಿತು.

ಸಂಕಾಲೆ ಕೋಲೂರಿಕೊಂಡು ಹತ್ತಿರ ಬಂದು ಏನೋ ಕೇಳಿದ. ನಿನಗೆ ಊರಲ್ಲಿ ಎಷ್ಟು ದನವಿದೆ ಎಂದು ಕೇಳ್ತಾನೆ ಅಂದರು ಅನಸೂಯಮ್ಮ, ಇಮ್ಯಾನುಯೆಲ್‌ನ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ. ದನ ಒಂದೂ ಇಲ್ಲ, ಹುಳು ಸಾಕ್ತೀನಿ, ಒಂದು ಸಲಕ್ಕೆ ಎರಡು ಲಕ್ಷ ಎಂದು ವೆಂಕಟರವಣಪ್ಪ ನಿಜವನ್ನೇ ಹೇಳಿದ. ಇಲಾಖೆಯ ಮರ್ಯಾದೆ ಕಡಿಮೆಯಾಗಬಾರದೆಂದು ಅನಸೂಯಮ್ಮ ‘ದನ ಇಲ್ಲ’ ಎಂಬ ಭಾಗವನ್ನು ಬಿಟ್ಟು ಇಂಗ್ಲಿಷಿಗೆ ತಿರುಗಿಸಿದರು. ರೇಷ್ಮೆಹುಳುವನ್ನು ಕಣ್ಣಲ್ಲೂ ಕಾಣದ ಇಮ್ಯಾನುಯೆಲ್‌ಗೆ, ಬಂದ ಅತಿಥಿಯನ್ನು ಹುಳು ಸಾಕುವವನೆಂದು ಹಿರಿಯರ ಮುಂದೆ ಹೇಳಲು ಬಾಯಿ ಬರಲಿಲ್ಲ. ಅವನು ‘ಸಣ್ಣ ಜಾತಿಯ ಜಾನುವಾರು’ ಎಂದ.

ಎರಡು ಲಕ್ಷ ಜಾನುವಾರಿನ ಮಾತು ಕೇಳಿ ಸುತ್ತಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಕ್ಕೆ ರೋಗ ಬರುವುದಿಲ್ಲವೇ ಎಂದು ಸಂಕಾಲೆ ಕೇಳಿದ. ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರಲ್ಲ, ವೆಂಕಟರವಣಪ್ಪ ಅದೇ ಗುಂಗಿನಲ್ಲಿ ಉತ್ತರ ಕೊಟ್ಟ.

“ಇಪ್ಪತ್ತೈದು ದಿನದಲ್ಲಿ ನಾಲ್ಕು ಜ್ವರ ಬರ್ತದೆ. ಜ್ವರದಾಗೆ ಸೊಪ್ಪು ಹಾಕಲ್ಲ, ಮುಟ್ಟಲ್ಲ. ಒಂದಿನ ಬಿಟ್ರೆ ತಾನೇ ಎದ್ದು ಮೇಯ್ತವೆ.”

ಈ ಮಾತು ಎರಡು ಭಾಷೆ ದಾಟಿ ಸಂಕಾಲೆಯ ಕಿವಿಗೆ ಬೀಳುವಾಗ ಅವನ ಕಣ್ಣು ತೇವವಾಯಿತು. ಹೋದ ವರ್ಷ ಒಂದೇ ಒಂದು ಜ್ವರಕ್ಕೆ ಅವನ ದೊಡ್ಡಿಯ ಅರ್ಧ ಖಾಲಿಯಾಗಿತ್ತು. ತಿಂಗಳಿಗೆ ನಾಲ್ಕು ಜ್ವರ ಬಂದರೂ ಎರಡು ಲಕ್ಷ ಜಾನುವಾರನ್ನು ಉಳಿಸಿಕೊಳ್ಳುವ ಮನುಷ್ಯ ತನ್ನ ಮುಂದೆ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾನೆ. ಅವನು ಕೆಂದು ಹಸುವಿನ ಕೊಂಬು ಹಿಡಿದು ತಂದು ಆ ಕೊಂಬನ್ನು ವೆಂಕಟರವಣಪ್ಪನ ಕೈಗೆ ಕೊಟ್ಟು, “ಪಾಕಿಟೆಂಗ್” ಎಂದ.

ಹಸುವನ್ನು ಕೊಟ್ಟವರೂ ಪಡೆದವರೂ ಅಂದಿನಿಂದ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ಪಾಕಿಟೆಂಗ್ ಎನ್ನುತ್ತಾರೆ, ಅಣ್ಣತಮ್ಮಂದಿರಿಗಿಂತ ಹತ್ತಿರದ ನಂಟು ಅದು ಎಂದು ಇಮ್ಯಾನುಯೆಲ್ ತಿಳಿಸಿದ. ಬೇಡವೆಂದರೆ ಏನಾಗುತ್ತದೆ ಎಂದು ನರಸಪ್ಪನವರು ವಿಚಾರಿಸಿದರು. ಹಾಗೆ ಅಂದವರನ್ನು ತಾನು ಇದುವರೆಗೆ ನೋಡಿಲ್ಲ ಎಂದ ಇಮ್ಯಾನುಯೆಲ್.

ನರಸಪ್ಪನವರು ವೆಂಕಟರವಣಪ್ಪನನ್ನು ಪಕ್ಕಕ್ಕೆ ಕರೆದರು. ಸರ್ಕಾರಿ ನೌಕರ ವಿದೇಶದಲ್ಲಿ ಜಾನುವಾರು ಸ್ವೀಕರಿಸಿದರೆ ಅದು ಉಡುಗೊರೆಯೋ ಆಸ್ತಿಯೋ ಎಂಬ ಪ್ರಶ್ನೆ ಏಳುತ್ತದೆ. ಯಾವುದಾದರೂ ಸರಿ, ಮೂರು ಪ್ರತಿಯಲ್ಲಿ ಘೋಷಣೆ ಬೇಕು. ಅವರು ಮನೆಯ ನೆರಳಿನಲ್ಲಿ ಕೂತು ಕಾರ್ಬನ್ ಹಾಳೆ ತೆಗೆದು ಬರೆಯತೊಡಗಿದರು. ಹಸುವಿನ ವಯಸ್ಸು, ಬಣ್ಣ, ಸುಳಿ ಎಲ್ಲ ಕೇಳಿ ಕೇಳಿ ತುಂಬಿದರು.

ಅನಸೂಯಮ್ಮನವರ ಚಿಂತೆ ಬೇರೆ. “ಬರಿಗೈಲಿ ಹಸು ತಗೋತಾರೇನಪ್ಪ? ನಿನ್ ಶಾಲು ತೆಗಿ” ಅಂದರು.

ಶಾಲೆಂದರೆ ಕೊನೆಯ ದಿನ ಆರುಷಾದ ನಿರ್ದೇಶಕರಿಗೆ ಹೊದಿಸಲೆಂದು ಇಲಾಖೆ ಕೊಟ್ಟು ಕಳಿಸಿದ್ದ ಅಪ್ಪಟ ರೇಷ್ಮೆ ಶಾಲು. ಕಳೆದುಹೋದೀತೆಂದು ವೆಂಕಟರವಣಪ್ಪ ಅದನ್ನು ಚೀಲದಲ್ಲೇ ಹೊತ್ತು ತಿರುಗುತ್ತಿದ್ದ. ಈಗ ಅದನ್ನು ಬಿಡಿಸಿ, ತುದಿಗಾಲಲ್ಲಿ ನಿಂತರೂ ಹೆಗಲು ಎಟುಕದೆ, ಸಂಕಾಲೆ ಬಾಗಿದ ಮೇಲೆ ಹೊದಿಸಿದ. ಕೆಂಪು ಹೊದಿಕೆಯ ಮೇಲೆ ಶಿಡ್ಲಘಟ್ಟದ ನೂಲಿನ ಹೊಂಬಣ್ಣ ಬಿಸಿಲಿಗೆ ಮಿಂಚಿತು. ಹೆಂಗಸರು ರಾಗವಾಗಿ ಹಾಡತೊಡಗಿದರು. ಒಬ್ಬಳು ಎತ್ತಿದ ದನಿಗೆ ಇಪ್ಪತ್ತು ದನಿ ಸೇರಿಕೊಂಡು, ಕೊರಳ ಮಣಿಹಾರಗಳು ಒಟ್ಟಿಗೆ ಏರಿಳಿದವು. ವೆಂಕಟರವಣಪ್ಪ ಹಸುವಿನ ಬಳಿಗೆ ಹೋಗಿ ಮತ್ತೆ ಅದರ ಕೊಂಬು ಹಿಡಿದುಕೊಂಡ.

ಅವನ ಮನೆಯಲ್ಲಿ ಹಸು ಎಂಬುದೇ ಇರಲಿಲ್ಲ. ಅವನ ಅವ್ವ ಚಿಕ್ಕವೆಂಕಟಮ್ಮ ಬದುಕಿದ್ದಷ್ಟು ದಿನ ಕಂಡವರ ಕೊಟ್ಟಿಗೆ ಗುಡಿಸಿ, ಸಂಜೆ ಒಂದು ಚೊಂಬು ಮಜ್ಜಿಗೆ ತರುತ್ತಿದ್ದಳು. ಆ ಹಸುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು, ಒಂದೂ ಅವಳದಲ್ಲ. ನೌಕರಿ ಸಿಕ್ಕ ಮೇಲೆ ಕೊಳ್ಳೋಣವೆಂದರೆ ಕ್ವಾರ್ಟರ್ಸಿನಲ್ಲಿ ಕಟ್ಟಲು ಜಾಗವಿರಲಿಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ, ಯಾರೂ ತಿಳಿಯದ ನಾಡಿನಲ್ಲಿ, ಒಬ್ಬ ಮನುಷ್ಯ ಕರೆದು ಕೊಂಬು ಕೈಗೆ ಕೊಟ್ಟಿದ್ದ.

ಮಧ್ಯಾಹ್ನ ಜೋಳದ ಮುದ್ದೆ, ಸೊಪ್ಪು, ಸೋರೆಬುರುಡೆಯ ಹಾಲು. ಬುರುಡೆಯ ಒಳಗನ್ನು ಕೆಂಡದ ಕಡ್ಡಿಯಿಂದ ಉಜ್ಜಿ ಹೊಗೆಯ ವಾಸನೆ ಹಿಡಿಸಿದ್ದರು. ಹಾಲು ಬೇರೊಂದು ಲೋಕದ ಪದಾರ್ಥದಂತಿತ್ತು. ಮುದ್ದೆಯನ್ನು ಮುರಿದು ಬೆರಳಲ್ಲಿ ಗುಳಿ ಮಾಡಿ ಸೊಪ್ಪು ತುಂಬಿಕೊಳ್ಳುವ ವೆಂಕಟರವಣಪ್ಪನ ಕೈಯನ್ನು ನೋಡಿ, ಈತನಿಗೆ ಊಟ ಯಾರೂ ಕಲಿಸಬೇಕಿಲ್ಲ ಎಂದು ನಾಸೇರಿಯನ್ ನಕ್ಕಳು. ಊಟವಾದ ಮೇಲೆ ಅವನು ಹೋಗಿ ಹಸುವಿನ ಪಕ್ಕ ಕೂತ. ಸಂಕಾಲೆ ಬಂದು ಅವನ ಪಕ್ಕ ಕೂತ. ದುಭಾಷಿ ನಿದ್ದೆ ಹೋಗಿದ್ದ. ಸಂಕಾಲೆ ಒಂದೊಂದೇ ದನವನ್ನು ತೋರಿಸಿ ಅದರ ತಾಯಿ, ಅಜ್ಜಿ, ಅಜ್ಜಿಯ ತಾಯಿಯ ಹೆಸರು ಹೇಳಿದ. ವೆಂಕಟರವಣಪ್ಪ ತೆಲುಗಿನಲ್ಲಿ ಅವ್ವನ ಕಥೆ ಹೇಳಿದ. ಇಬ್ಬರೂ ಒಬ್ಬರ ಮಾತಿಗೊಬ್ಬರು ಸರಿಯಾದ ಜಾಗದಲ್ಲಿ ತಲೆಯಾಡಿಸಿದರು.

ಮೂರೂವರೆಗೆ ಬೀಳ್ಕೊಡುವ ಹೊತ್ತು. ಹಸು ಇಲ್ಲೇ ಇರಲಿ, ಪಾಕಿಟೆಂಗ್ ನೋಡಿಕೊಳ್ಳುತ್ತಾನೆ ಎಂದು ಮೊದಲೇ ತೀರ್ಮಾನವಾಗಿತ್ತು. ನಾಸೇರಿಯನ್ ಒಂದು ದಪ್ಪ ಪುಸ್ತಕ ತಂದು, ಹಸುವಿನ ಯಜಮಾನರು ಈ ಪುಟದಲ್ಲಿ ರುಜು ಹಾಕಬೇಕು ಎಂದು ತೆರೆದು ಕೊಟ್ಟಳು. ಪುಟದಲ್ಲಿ ಆಗಲೇ ಸಾಲಾಗಿ ಹೆಸರುಗಳಿದ್ದವು. ಅನಸೂಯಮ್ಮ ಕನ್ನಡಕ ಏರಿಸಿ ಓದಿದರು: ಜರ್ಮನಿಯ ಹಲ್ಲಿನ ಡಾಕ್ಟರು, ಹಾಲೆಂಡಿನ ಒಂದು ದಂಪತಿ, ಜಪಾನಿನ ಮೇಷ್ಟ್ರು, ಹೀಗೆ ಹತ್ತು ಸಾಲು. ಪುಟದ ತಲೆಯಲ್ಲಿ ಬರೆದಿದ್ದ ಹಸು ಒಂದೇ. ಕೆಂದು ಹಸು.

“ನೀನು ಹನ್ನೊಂದನೆಯವನು ಕಣಪ್ಪ” ಅಂದರು ಅನಸೂಯಮ್ಮ.

ನರಸಪ್ಪನವರು ಮೂರು ಪ್ರತಿಗಳನ್ನೂ ಎದೆಗವುಚಿಕೊಂಡು, ಹನ್ನೊಂದನೇ ಒಂದು ಪಾಲೆಂದರೆ ಹಸುವಿನ ಯಾವ ಭಾಗ ಎಂದು ತಿಳಿಯಬಯಸಿದರು. ವೆಂಕಟರವಣಪ್ಪನಿಗೆ ಅದೊಂದೂ ಕೇಳಿಸಲಿಲ್ಲ. ಅವನು ಸಂಕಾಲೆಯ ಮುಖವನ್ನೇ ನೋಡುತ್ತಿದ್ದ. “ನಿಜವಾಗ್ಲೂ ಕೊಟ್ರಾ, ಇಲ್ಲ ಆಟಕ್ಕೆ ಕೊಟ್ರಾ, ಕೇಳಕ್ಕ” ಅಂದ.

ಸಂಕಾಲೆಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಿಧಾನವಾಗಿ ಉತ್ತರ ಕೊಟ್ಟ. ಹನ್ನೊಂದು ಸಲವೂ ನಿಜವಾಗಿಯೇ ಕೊಟ್ಟಿದ್ದಾನೆ. ಯಾರೂ ವಿಮಾನದಲ್ಲಿ ಹಸು ಒಯ್ಯಲಾರರು, ಅದು ಅವನ ತಪ್ಪಲ್ಲ. ಹೋದ ವರ್ಷ ಜ್ವರ ಬಂದಾಗ ಜರ್ಮನಿಯವನು ಔಷಧಿ ಕಳಿಸಿದ, ಜಪಾನಿನವನು ಪ್ರತಿ ಮಳೆಗಾಲ ಹಸು ಹೇಗಿದೆಯೆಂದು ಕಾಗದ ಬರೆಯುತ್ತಾನೆ. ಒಬ್ಬ ಯಜಮಾನನ ದನಗಳು ಸತ್ತವು; ಹತ್ತು ಯಜಮಾನರ ಈ ಒಂದು ಹಸು ಉಳಿಯಿತು. ಈಗ ಆ ಹತ್ತೂ ಜನ ನಿನಗೆ ನೆಂಟರು.

ಇಷ್ಟು ಹೇಳಿ ಅವನು ಕಣ್ಣು ಕಿರಿದು ಮಾಡಿ ಇನ್ನೊಂದು ಮಾತು ಸೇರಿಸಿದ. ಊಟದ ಹೊತ್ತಿಗೆ ಆರುಷಾದ ತರಬೇತಿಗೆ ಹೋಗಿಬಂದ ಹುಡುಗಿಯೊಬ್ಬಳು ಅವನಿಗೆ ರೇಷ್ಮೆಹುಳುವೆಂದರೆ ಏನೆಂದು ಬೆರಳು ತೋರಿಸಿ ಹೇಳಿದ್ದಳಂತೆ. ನಿನ್ನ ಎರಡು ಲಕ್ಷ ಜಾನುವಾರೂ ನನ್ನ ಒಂದು ದೊಡ್ಡಿಯಲ್ಲಿ ಮಲಗುತ್ತವೆ, ಆದರೂ ನಾನು ಹಸು ವಾಪಸ್ಸು ಕೇಳಿದೆನೇ?

ವೆಂಕಟರವಣಪ್ಪ ಪುಸ್ತಕ ತೆಗೆದುಕೊಂಡು ದುಂಡಗೆ ಕನ್ನಡದಲ್ಲಿ ರುಜು ಹಾಕಿದ.

ಆಗ ನಾಸೇರಿಯನ್ ಒಂದು ಉದ್ದನೆಯ ಕೋಲು ತಂದು ಅವನ ಕೈಗಿತ್ತಳು. ರುಜು ಹಾಕಿದ ದಿನ ಹೊಸ ಯಜಮಾನ ಇಡೀ ಹಿಂಡನ್ನು ನೀರಿಗೆ ಹೊಡೆದುಕೊಂಡು ಹೋಗಿಬರಬೇಕಂತೆ. ಹಲ್ಲಿನ ಡಾಕ್ಟರೂ ಹೋಗಿದ್ದನಂತೆ. ನೀರು ಎರಡು ಮೈಲಿ ದೂರ. ನಿಯಮಾವಳಿಯಲ್ಲಿ ಇದಕ್ಕೆ ತಡೆಯೇನೂ ಇಲ್ಲ ಎಂದು ನರಸಪ್ಪನವರು ಪುಸ್ತಕ ನೋಡಿ ಹೇಳಿದರು. ವೆಂಕಟರವಣಪ್ಪ ಪ್ಯಾಂಟು ಮಡಚಿ, ಧೂಳಿನ ಮೋಡದ ಹಿಂದೆ ಹೊರಟ. ಸಂಕಾಲೆ ಜೊತೆಗಿದ್ದ. ದೂರದ ಬೆಟ್ಟದ ನೆರಳು ಉದ್ದವಾಗುತ್ತಿತ್ತು. ಮುಂದೆ ನೂರು ಹಿಣಿಲುಗಳು ಅಲೆಯಲೆಯಾಗಿ ಚಲಿಸುತ್ತಿದ್ದವು. ಇದಕ್ಕಿಂತ ದೊಡ್ಡದನ್ನು ತಾನು ಇನ್ನು ನೋಡಲಿಕ್ಕಿಲ್ಲ ಎಂದು ಅವನಿಗೆ ಅನ್ನಿಸಿತು. ಹವಾಯಿ ಚಪ್ಪಲಿ ಅರ್ಧ ದಾರಿಯಲ್ಲಿ ಕಿತ್ತುಹೋದದ್ದೂ ಅವನ ಗಮನಕ್ಕೆ ಬರಲಿಲ್ಲ. ಅನಸೂಯಮ್ಮ ಹಿಂದಿನಿಂದ ಒಂದು ಫೋಟೋ ತೆಗೆದರು.

ಆ ಫೋಟೋ ಅವರಿಗಿಂತ ಮೊದಲೇ ಅಂಚೆಯಲ್ಲಿ ಶಿಡ್ಲಘಟ್ಟ ತಲುಪಿತು. ತಂಡ ಹಿಂದಿರುಗುವ ಹೊತ್ತಿಗೆ ಅದನ್ನು ಆಫೀಸಿನ ನೋಟೀಸ್ ಬೋರ್ಡಿಗೆ ಅಂಟಿಸಿ, ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬಂದ ರೈತರೆಲ್ಲ ನೋಡಿಯಾಗಿತ್ತು. ಸರ್ಕಾರ ವಿಮಾನದಲ್ಲಿ ಆಫ್ರಿಕಾಕ್ಕೆ ಕಳಿಸಿದರೆ ವೆಂಕಟರವಣಪ್ಪ ದನ ಕಾಯ್ದು ಬಂದ ಎಂಬ ಸುದ್ದಿ ಚಿಂತಾಮಣಿಯವರೆಗೂ ಹರಡಿತ್ತು.

ಬೆಳಿಗ್ಗೆ ಆಫೀಸಿನ ಮೆಟ್ಟಿಲಲ್ಲೇ ಗುಮಾಸ್ತ ನಲ್ಲಪ್ಪ ತಡೆದು, ನಿಜಾನಾ ಎಂದು ಕೇಳಿದ.

“ನಿಜ ಕಣಪ್ಪ” ಅಂದ ವೆಂಕಟರವಣಪ್ಪ. “ಹನ್ನೊಂದ್ ಜನ ಯಜಮಾನ್ರು, ನನ್ ಪಾಲಿಗೆ ಒಂದೇ ದಿನ ಸಿಕ್ತು.”