ಹದಿನೇಳು ಕೇಜಿಯ ಬೆಕ್ಕು

ಟೇಪಮ್ಮನ ಕಣ್ಣಿಗೆ ಇಡೀ ಬೀದಿಯಲ್ಲಿ ಸರಿಯಾದ ಅಳತೆಯ ಜೀವಗಳು ಎರಡೇ. ಒಂದು ತಾನು, ಇನ್ನೊಂದು ತನ್ನ ಬೆಕ್ಕು ಗುಂಡಿ. ಮಿಕ್ಕವರೆಲ್ಲ ಒಂದೋ ಉಬ್ಬಿದವರು, ಇಲ್ಲವೇ ಜೋತುಬಿದ್ದವರು.

ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಹೆಂಗಸು. ಅಳತೆ ಟೇಪು ಸದಾ ಕತ್ತಿನಲ್ಲಿ ನೇತಾಡುತ್ತಿದ್ದುದರಿಂದ ಆ ಹೆಸರು. ಅಂಗಿ ಹೊಲಿಸಲು ಬಂದವರ ಸೊಂಟಕ್ಕೆ ಟೇಪು ಸುತ್ತುವುದು, ಇಂಚನ್ನು ಎದುರು ಮನೆಯವರಿಗೂ ಕೇಳುವಂತೆ ಕೂಗುವುದು, ಆಮೇಲೆ ಮಾತಿನಲ್ಲಿ ಒಂದು ಸೂಜಿ ಚುಚ್ಚುವುದು. ಇದು ಅಲ್ಲಿಯ ಕ್ರಮ. ಮೊನ್ನೆ ಪೋಸ್ಟಾಫೀಸಿನ ಮೇಡಂ ಬಂದಾಗಲೂ ಹಾಗೇ ಆಯಿತು.

"ಮೂವತ್ತೆಂಟು. ಹೋದ ವರ್ಷ ಮೂವತ್ನಾಲ್ಕಿತ್ತು. ಏನಮ್ಮಾ, ಕವರಿಗೆ ಹಚ್ಚೋ ಗೋಂದನ್ನೂ ಬಿಡಲ್ವಾ ನೀನು?"

ಮೇಡಂ ಮುಖ ಕೆಂಪಾಯಿತು.

"ಇರಲಿ ಬಿಡು, ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲೀತೀನಿ. ಮುಂದಕ್ಕೆ ಬೇಕಾಗುತ್ತೆ."

ಎಲ್ಲರ ಅಳತೆ ತೆಗೆದ ಟೇಪಮ್ಮನ ಅಳತೆಯನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ಯಾರಾದರೂ ಕೇಳಿದರೆ ಉತ್ತರ ಸಿದ್ಧ: "ಮದುವೆಯಲ್ಲಿ ಐವತ್ತೈದು ಕೇಜಿ ಇದ್ದೆ, ಇವತ್ತಿಗೂ ಅಷ್ಟೇ." (ಮದುವೆಯಾದಾಗ ಐವತ್ತೈದು ಇದ್ದದ್ದು ನಿಜ. ಇವತ್ತಿನ ಮಾತು ದೇವರಿಗೂ ಕುರ್ಚಿಗೂ ಗೊತ್ತು.)

ಅವಳ ಗಂಡ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ತೂಕ ಹಾಕಿ ನಿವೃತ್ತರಾದವರು. ಮೂಟೆಯನ್ನು ದೂರದಿಂದ ನೋಡಿಯೇ ಇಷ್ಟು ಕೇಜಿ ಎಂದು ಹೇಳಬಲ್ಲವರು. ಆದರೆ ಮನೆಯಲ್ಲಿ ಬಾಯಿ ಬಿಡುವವರಲ್ಲ.

ಗುಂಡಿಯನ್ನು ಬೀದಿಯಿಂದ ತಂದವಳು ಸೊಸೆ. ತಂದಳು ಸರಿ, ಜೊತೆಗೆ ಪ್ರಾಣಿಗಳ ಆಸ್ಪತ್ರೆಯವರು ಕೊಟ್ಟ ಒಂದು ಹಾಳೆಯನ್ನೂ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಬೆಕ್ಕಿಗೆ ಹಸುವಿನ ಹಾಲು ಹಾಕಬೇಡಿ, ಹೊಟ್ಟೆ ಕೆಡುತ್ತದೆ. ನೀರಿನ ಬಟ್ಟಲು ಊಟದ ತಟ್ಟೆಯಿಂದ ದೂರ ಇರಲಿ. ಮರಳಿನ ತಟ್ಟೆಯನ್ನು ದಿನಾ ಶುಚಿ ಮಾಡಿ. ಮನುಷ್ಯರ ಮಾತ್ರೆ ಕೊಡಲೇಬೇಡಿ. ಜಂತುಹುಳದ ಔಷಧಿ, ಲಸಿಕೆ ತಪ್ಪಿಸಬೇಡಿ.

"ಹಾಲು ಬೇಡವಂತೆ," ಎಂದು ಟೇಪಮ್ಮ ಮೂಗು ಮುರಿದಳು. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತ ಗಾದೆ ಮಾಡಿದವರೆಲ್ಲ ದಡ್ಡರು, ನಿನ್ನ ಡಾಕ್ಟರು ಒಬ್ಬಳೇ ಜಾಣೆ."

"ಗಾದೆ ಮಾಡಿದವರು ಆಮೇಲೆ ನೆಲ ಒರೆಸಿರಲಿಲ್ಲ ಅತ್ತೆ," ಎಂದಳು ಸೊಸೆ.

ಅತ್ತೆ ಹಟಕ್ಕೆ ಎರಡು ದಿನ ಹಾಲು ಹಾಕಿದಳು. ಮೂರನೆಯ ದಿನ ತಾನೇ ನೆಲ ಒರೆಸಿದಳು. ಅಂದಿನಿಂದ ಹಾಲಿನ ಮಾತು ನಿಂತಿತು. ಹಾಳೆಯ ಮೇಲಿನ ತಾತ್ಸಾರ ನಿಲ್ಲಲಿಲ್ಲ.

ಜಂತುಹುಳದ ಔಷಧಿಗೆಂದು ಆಸ್ಪತ್ರೆಗೆ ಒಯ್ದಾಗ ಗುಂಡಿ ತಕ್ಕಡಿ ನೋಡಿದ್ದೇ ತಡ, ಡಾಕ್ಟರಮ್ಮನ ಕೈ ಪರಚಿ ಬೀರುವಿನ ಮೇಲೇರಿ ಕುಳಿತಿತು. ಕೊನೆಗೆ ಇಳಿದದ್ದು ಟೇಪಮ್ಮನ ತೋಳಿಗೆ. ಈ ಭೂಮಿಯ ಮೇಲೆ ಅದು ಒಪ್ಪುತ್ತಿದ್ದ ತೋಳು ಅದೊಂದೇ.

"ಮನೇಲಿ ತೂಕ ನೋಡಿ," ಎಂದರು ಡಾಕ್ಟರಮ್ಮ, ಕೈಗೆ ಹತ್ತಿ ಒತ್ತಿಕೊಂಡು. "ಬೆಕ್ಕನ್ನ ಎತ್ಕೊಂಡು ಒಂದ್ಸಲ ನಿಲ್ಲಿ. ಕೆಳಗಿಟ್ಟು ಬರೀ ನೀವು ಒಂದ್ಸಲ ನಿಲ್ಲಿ. ಕಳೀರಿ. ಫೋನ್ ಮಾಡಿ ಹೇಳಿ, ಔಷಧಿ ತೂಕದ ಮೇಲೆ ಕೊಡೋದು."

ಮನೆಯಲ್ಲಿ ಯಜಮಾನರು ಹತ್ತಿ ನಿಲ್ಲುವ ತಕ್ಕಡಿ ತಂದು ನಡುಮನೆಯಲ್ಲಿಟ್ಟರು. ಟೇಪಮ್ಮ ಗುಂಡಿಯನ್ನು ಎದೆಗವಚಿಕೊಂಡು ಪಟ್ಟಾಭಿಷೇಕಕ್ಕೆ ಹೊರಟವಳಂತೆ ಹತ್ತಿ ನಿಂತಳು.

"ಎಪ್ಪತ್ತೆರಡು," ಎಂದು ಗಂಡ ಬರೆದುಕೊಂಡರು. "ಈಗ ಬೆಕ್ಕನ್ನ ಬಿಟ್ಟು ನಿಲ್ಲೇ."

"ಅದ್ಯಾಕೆ? ನನ್ನದು ಐವತ್ತೈದು ಅಂತ ಗೊತ್ತಿಲ್ವಾ ನಿಮಗೆ? ಬರ್ಕೊಳ್ಳಿ."

"ಅತ್ತೆ, ಒಂದು ನಿಮಿಷದ ಕೆಲಸ, ನಿಂತುಬಿಡಿ," ಎಂದಳು ಸೊಸೆ.

"ನನ್ನ ಮಾತಿಗಿಂತ ಆ ತಗಡಿನ ಡಬ್ಬ ಹೆಚ್ಚಾಯ್ತಾ ನಿನಗೆ?"

ಯಜಮಾನರು ಹೆಂಡತಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಐವತ್ತೈದು ಬರೆದು ಕಳೆದರು. ಬೆಕ್ಕಿನ ಪಾಲಿಗೆ ಹದಿನೇಳು ಕೇಜಿ ಬಂತು.

ಫೋನಿನಲ್ಲಿ ಡಾಕ್ಟರಮ್ಮ ಆ ಅಂಕಿಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಪರಚಾಟದಲ್ಲಿ ನಾನು ಹೊಟ್ಟೆ ಸರಿಯಾಗಿ ನೋಡ್ಲೇ ಇಲ್ಲ. ಅಷ್ಟು ತೂಕ ಅಂದ್ರೆ ಅದು ಕೊಬ್ಬಲ್ಲ, ಹೊಟ್ಟೇಲಿ ನೀರು ತುಂಬಿರಬೇಕು. ಊಟ ಹಾಕ್ಬೇಡಿ, ಈಗಲೇ ಕರ್ಕೊಂಡು ಬನ್ನಿ. ಸೂಜಿ ಹಾಕಿ ತೆಗೀಬೇಕಾಗ್ಬಹುದು," ಎಂದರು.

ಸೊಸೆಯ ಕಣ್ಣಲ್ಲಿ ನೀರು. ಟೇಪಮ್ಮ ಗುಂಡಿಯನ್ನು ಬುಟ್ಟಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೊರಟಳು. ಆದರೂ ಗಾಡಿಯಲ್ಲಿ ಕೂತಾಗ ತಕ್ಕಡಿಯನ್ನು ಬೈದಳು, ಡಾಕ್ಟರನ್ನು ಬೈದಳು, ಗೋಡೆಯ ಹಾಳೆಯನ್ನು ಬೈದಳು. ಮಡಿಲಿನ ಬುಟ್ಟಿಯೊಳಗಿಂದ ಗುಂಡಿ ತಪ್ಪಿಹೋದ ಊಟಕ್ಕಾಗಿ ಒಂದೇ ಸಮನೆ ಗೋಳಿಡುತ್ತಿತ್ತು. ಆ ಒಂದನ್ನು ಬೈಯಲು ಮಾತ್ರ ಅವಳಿಗೆ ನಾಲಿಗೆ ಬರಲಿಲ್ಲ.

ಆಸ್ಪತ್ರೆಯ ಬೆಂಚು ತುಂಬಿತ್ತು. ಮೂಲೆಯಲ್ಲಿ ಮೊಲವೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದವಳು ಬೇರೆ ಯಾರೂ ಅಲ್ಲ, ಪೋಸ್ಟಾಫೀಸಿನ ಮೇಡಂ.

ಡಾಕ್ಟರಮ್ಮ ಬಾಗಿಲಿಗೆ ಬಂದು ನಿಂತರು. "ಹದಿನೇಳು ಕೇಜಿ ಬೆಕ್ಕು ನಿಮ್ಮದೇ ಅಲ್ವಾ? ಇದು ಪರಚೋ ಜಾತಿ, ಮೊದಲು ಮತ್ತಿನ ಇಂಜೆಕ್ಷನ್ ಕೊಡ್ಬೇಕು. ತೂಕ ಖಚಿತ ತಾನೇ? ಔಷಧಿ ಹೆಚ್ಚಾಗಿಬಿಟ್ರೆ ಬೆಕ್ಕು ಏಳೋದೇ ಇಲ್ಲ."

ಬೆಂಚಿನವರೆಲ್ಲ ತಿರುಗಿದರು. ಸೊಸೆ ಮಾವನ ಮುಖ ನೋಡಿದಳು. ಮಾವ ಛಾವಣಿ ನೋಡಿದರು. ಬುಟ್ಟಿಯ ಸಂದಿಯಿಂದ ಒಂದು ಪುಟ್ಟ ಪಂಜ ಹೊರಬಂದು ಟೇಪಮ್ಮನ ಹೆಬ್ಬೆರಳನ್ನು ಹಿಡಿಯಿತು.

"ಒಂದು ನಿಮಿಷ ಇರಮ್ಮ," ಎಂದಳು ಟೇಪಮ್ಮ. ನಲವತ್ತು ವರ್ಷದಲ್ಲಿ ಅವಳ ಧ್ವನಿ ಅಷ್ಟು ಸಣ್ಣಗಾದದ್ದನ್ನು ಯಾರೂ ಕೇಳಿರಲಿಲ್ಲ. "ಆ ಐವತ್ತೈದು... ಅದು ಹಳೇ ಅಳತೆ."

"ಯಾವ ಐವತ್ತೈದು?"

"ನನ್ನದು."

ಡಾಕ್ಟರಮ್ಮ ಅರ್ಥ ಮಾಡಿಕೊಂಡರು. ಕರುಣೆ ಮಾತ್ರ ತೋರಲಿಲ್ಲ. ಬೆಂಚಿನ ಎದುರಿಗೇ ದೊಡ್ಡ ನಾಯಿಗಳನ್ನು ತೂಗುವ ಹಲಗೆಯಿತ್ತು, ಅದನ್ನು ತೋರಿಸಿದರು. ಟೇಪಮ್ಮ ಬುಟ್ಟಿಯನ್ನು ಸೊಸೆಗೆ ಕೊಟ್ಟು, ಕತ್ತಿನ ಟೇಪನ್ನೂ ತೆಗೆದು ಕೊಟ್ಟು (ಅದರದೂ ಒಂದಿಷ್ಟು ತೂಕ ಇರುತ್ತದಲ್ಲ), ಹಲಗೆ ಹತ್ತಿದಳು. ಅಂಕಿ ಓದಿದ ಕಾಂಪೌಂಡರನ ಗಂಟಲು ಪಾರ್ಸೆಲ್ ಆಫೀಸಿಗೆ ಲಾಯಕ್ಕಾಗಿತ್ತು.

"ಅರವತ್ತೆಂಟು!"

ಎಪ್ಪತ್ತೆರಡರಲ್ಲಿ ಅರವತ್ತೆಂಟು ಕಳೆದರೆ ನಾಲ್ಕು. ಗುಂಡಿ ನಾಲ್ಕು ಕೇಜಿಯ, ನಿರೋಗಿಯಾದ, ಹಸಿದ ಬೆಕ್ಕು. ಮತ್ತಿನ ಇಂಜೆಕ್ಷನ್ನೂ ಬೇಡ, ಸೂಜಿಯೂ ಬೇಡ. ಜಂತುಹುಳದ್ದು ಒಂದು ಚಿಕ್ಕ ಮಾತ್ರೆ ಬರೆದುಕೊಟ್ಟು, ಮನೆಗೆ ಹೋಗಿ ಊಟ ಹಾಕಿ ಎಂದರು.

ಬಾಗಿಲು ದಾಟುವಾಗ ಮೂಲೆಯಿಂದ ಮೆಲ್ಲಗೆ ಮಾತು ಬಂತು. "ಅಮ್ಮಾ, ನಿಮ್ಮ ಅಂಗಿಗೆ ಎರಡಿಂಚು ಸಾಲಲ್ಲ, ನಾಲ್ಕು ಬಿಟ್ಕೊಳ್ಳಿ."

ಟೇಪಮ್ಮ ಸೊಸೆಯ ಕೈಯಿಂದ ಟೇಪು ಕಸಿದು ಕತ್ತಿಗೆ ಹಾಕಿಕೊಂಡಳು. ಗಾಡಿ ಹತ್ತಿದ ಮೇಲೆ ಗಂಡನ ಮೇಲೆ ತಿರುಗಿದಳು.

"ರೀ, ನೋಡಿದ ಕೂಡ್ಲೇ ಮೂಟೆ ತೂಕ ಹೇಳೋರು ನೀವು. ನಿಮಗೆ ಗೊತ್ತಿರ್ಲಿಲ್ವಾ?"

"ಅರವತ್ತೆಂಟೂಕಾಲು," ಎಂದರು ಯಜಮಾನರು ಕಿಟಕಿಯ ಹೊರಗೆ ನೋಡುತ್ತ. "ಟೇಪು ಸೇರಿ."

"ಮತ್ತೆ ಬಾಯಿಗೆ ಬೀಗ ಹಾಕಿತ್ತಾ?"

"ಪಾರ್ಸೆಲ್ ಆಫೀಸಿನ ನಿಯಮ ಕಣೇ. ಕಳಿಸೋರು ಹೇಳಿದ ತೂಕಾನೇ ಬರ್ಕೋಬೇಕು. ಆಮೇಲೆ ದಾರೀಲಿ ಏನಾದ್ರೂ ಒಡೆದ್ರೆ ಜವಾಬ್ದಾರಿ ನಮ್ಮದಲ್ಲ."